ಗ್ಯಾಸ್ ಗೀಸರ್ ಇನ್ನು ಬಚ್ಚಲಿನ ಹೊರಗೆ, ರಿಮೋಟ್ ಮಾತ್ರ ಒಳಗೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಉಡುಪಿ

ಮಾನ್ಯ ಗ್ರಾಹಕರೇ, ಸಂಘದ ಸದಸ್ಯರೇ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಸಹಕಾರಿ ಸಂಘದವರು ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಕೂರಿಸುವುದಿಲ್ಲ. ಬಾತ್‌ರೂಮ್ ಎಷ್ಟೇ ದೊಡ್ಡದಿರಲಿ, ವೆಂಟಿಲೇಟರ್ ಎಷ್ಟೇ ಅಗಲವಿರಲಿ, ಕೂರಿಸುವುದಿಲ್ಲ. ಗೀಸರ್ ಹೊರಗೋಡೆಯ ಮೇಲಿರುತ್ತದೆ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರುತ್ತದೆ, ಉರಿ ಹೆಚ್ಚುಕಡಿಮೆ ಮಾಡಲು ಸ್ನಾನ ಮಾಡುವವರ ಕೈಗೆ ಸಿಗುವಂತೆ ಒಂದು ರಿಮೋಟ್ ಇರುತ್ತದೆ. ಈಗಾಗಲೇ ಒಳಗಿರುವ ಗೀಸರ್‌ಗಳನ್ನೂ ಬರುವ ದೀಪಾವಳಿಯೊಳಗೆ ಹೊರಗೆ ಸಾಗಿಸಬೇಕೆಂದು ನಿಶ್ಚಯ ಮಾಡಿದ್ದೇವೆ.

ಇದನ್ನು ಕೇಳಿದ ಕೂಡಲೇ ಹಲವರು ಕೌಂಟರಿಗೆ ಬಂದು ಹೇಳಿದ ಮಾತು ಒಂದೇ: "ಇಷ್ಟು ವರ್ಷ ಏನೂ ಆಗ್ಲಿಲ್ಲ, ಈಗ ಎಂತ ಆಗ್ತದೆ?" ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನಮ್ಮ ಕರ್ತವ್ಯ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಗ್ಯಾಸ್ ಎಂದರೆ ನಮ್ಮ ಕರಾವಳಿಯವರಿಗೆ ಮೊದಲು ಕಣ್ಣಮುಂದೆ ಬರುವುದು ಬೆಂಕಿ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಹೊತ್ತಿಕೊಂಡದ್ದನ್ನು ಉಪ್ಪಿನಂಗಡಿ, ಮಾಣಿ ಕಡೆಯವರು ಇವತ್ತಿಗೂ ಮರೆತಿಲ್ಲ. ಸೋರುವ ಗ್ಯಾಸಿಗೆ ಹೆದರುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಮರ್ಕಾಪ್ಟನ್ ಎಂಬ ನಾತದ ದ್ರವ್ಯ ಬೆರೆಸಿರುತ್ತಾರೆ. ಮೂಗಿಗೆ ಬಡಿದ ಕೂಡಲೇ ಮನೆಯವರೆಲ್ಲ ಎಚ್ಚರಾಗುತ್ತಾರೆ.

ಬಚ್ಚಲಿನಲ್ಲಿ ಜೀವ ತೆಗೆಯುವುದು ಆ ಗ್ಯಾಸಲ್ಲ. ಗ್ಯಾಸ್ ಸರಿಯಾಗಿ ಸುಡದೆ ಹೋದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ಕಾಲಿನ ಬಲ ಹೋಗುತ್ತದೆ. ಚಿಲಕ ಮೂರೇ ಅಡಿ ದೂರದಲ್ಲಿದ್ದರೂ ಎದ್ದು ತೆಗೆಯಲು ಆಗದಂತೆ ಮಾಡುವುದು ಇದೇ.

ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ 1 ಕೆ.ಜಿ. ಗ್ಯಾಸ್ ಸುಡುತ್ತದೆ. ಅಷ್ಟು ಎಲ್‌ಪಿಜಿ ಚೊಕ್ಕವಾಗಿ ಸುಡಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಬಾತ್‌ರೂಮಿನಲ್ಲಿರುವುದು ಬರೀ 6 ಘನ ಮೀಟರ್. ಕಾಲು ಗಂಟೆ ಗೀಸರ್ ಉರಿದರೆ ಆ ಗಾಳಿಯಲ್ಲಿ ಅರ್ಧದಷ್ಟನ್ನು ಬೆಂಕಿಯೇ ಕೇಳುತ್ತದೆ. ಆದರೆ ಅರ್ಧ ಮುಗಿಯುವ ತನಕವೂ ಕಾಯಬೇಕಾಗಿಲ್ಲ. ಆಮ್ಲಜನಕ ಮಾಮೂಲಿನ 21 ಶೇಕಡದಿಂದ ಕೆಲವೇ ಅಂಶ ಇಳಿದರೂ ಜ್ವಾಲೆ ಕೆಡತೊಡಗುತ್ತದೆ, ವಿಷ ಹುಟ್ಟತೊಡಗುತ್ತದೆ, ಅದೇ ಕೆಟ್ಟ ಗಾಳಿಯನ್ನು ಬೆಂಕಿ ಮತ್ತೆ ಎಳೆದುಕೊಂಡು ಇನ್ನಷ್ಟು ಕೆಡುತ್ತದೆ. ಒಬ್ಬರ ಸ್ನಾನಕ್ಕೆ ಏನೂ ಆಗದ ಮನೆಯಲ್ಲಿ ಬಾಗಿಲು ತೆರೆದಿಡದೆ ಒಬ್ಬರ ಹಿಂದೊಬ್ಬರು ಹೋದಾಗ ನಾಲ್ಕನೆಯವರಿಗೆ ಆಗಬಹುದು. "ಇಷ್ಟು ವರ್ಷ ಏನೂ ಆಗ್ಲಿಲ್ಲ" ಎಂಬುದಕ್ಕೆ ನಮ್ಮ ಉತ್ತರ ಇದು.

ದೀಪಾವಳಿಯನ್ನೇ ಗಡುವಾಗಿ ಇಟ್ಟುಕೊಂಡದ್ದೂ ಇದೇ ಕಾರಣಕ್ಕೆ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವಕ್ಕೇ ಎದ್ದು ಮನೆಮಂದಿಯೆಲ್ಲ ಎಣ್ಣೆಸ್ನಾನ ಮಾಡುತ್ತೇವೆ. ಬೆಂಗಳೂರು, ಮುಂಬೈಯಿಂದ ಮಕ್ಕಳು ಮೊಮ್ಮಕ್ಕಳು ಬಂದಿರುತ್ತಾರೆ. ಎಣ್ಣೆ, ಸೀಗೆ ಹೋಗಲು ನೀರೂ ಹೆಚ್ಚು ಬೇಕು, ಹೊತ್ತೂ ಹೆಚ್ಚು ಹಿಡಿಯುತ್ತದೆ. ವರ್ಷದಲ್ಲಿ ಗೀಸರ್ ಅತಿ ಹೆಚ್ಚು ಹೊತ್ತು ಬಿಡದೆ ಉರಿಯುವ ದಿನ ಅದೇ. ಹಂಡೆಯ ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ಕಾಯಿಸುತ್ತಿದ್ದ ಹಳೆಯ ಬಚ್ಚಲು ಮನೆಗಳಲ್ಲಿ ಒಲೆಯ ಬಾಯಿ ಬಹಳ ಕಡೆ ಹೊರಗೇ ಇರುತ್ತಿತ್ತು. ಮಡಲು, ತೆಂಗಿನ ಸಿಪ್ಪೆ ತುರುಕುವವರು ಹೊರಗೆ, ಮೀಯುವವರು ಒಳಗೆ. ಒಳಗೆ ಒಲೆ ಇದ್ದರೂ ಹೊಗೆ ಹೆಂಚಿನ ಸಂದಿಯಿಂದ ಹೋಗುತ್ತಿತ್ತು. ಈಗಿನ ಸ್ಲ್ಯಾಬಿನ ಬಾತ್‌ರೂಮಿನಲ್ಲಿ ಆ ಸಂದಿ ಇಲ್ಲ.

ಇರುವ ಸಂದಿಯನ್ನೂ ನಾವು ಮುಚ್ಚುತ್ತೇವೆ. ಕಳೆದ ಮಳೆಗಾಲದಲ್ಲಿ ನಮ್ಮ ಫಿಟ್ಟರ್ ಒಂದು ಮನೆಗೆ ಸರ್ವೀಸಿಗೆ ಹೋಗಿದ್ದರು. ದೂರು ಏನೆಂದರೆ ಗೀಸರಿನ ಮೇಲ್ಗಡೆ ಬಿಳಿ ಗೋಡೆ ಕಪ್ಪಾಗುತ್ತಿದೆ ಎಂದು. ನೋಡಿದರೆ ಗಾಜಿನ ಲೂವರುಗಳ ಮೇಲೆ ಥರ್ಮಾಕೋಲ್ ಒತ್ತಿ ಸುತ್ತಲೂ ಕಂದು ಟೇಪ್ ಹಚ್ಚಿತ್ತು, ಇರಚಲು ನೀರು ಮತ್ತು ಸೊಳ್ಳೆ ಬಾರದಿರಲಿ ಎಂದು. ಗೀಸರಿನ ಕಿಟಕಿಯಲ್ಲಿ ನೀಲಿ ಉರಿ ಕಾಣಬೇಕಾದಲ್ಲಿ ಹಳದಿ ನಾಲಿಗೆ ಚಾಚುತ್ತಿತ್ತು, ತಾಮ್ರದ ರೆಕ್ಕೆಗಳ ಮಧ್ಯೆ ಮಸಿ ಗಟ್ಟಿಯಾಗಿ ಕೂತಿತ್ತು. ಅವರು ಕೇಳಿದ ಮೇಲೆ ಮನೆಯ ಅಮ್ಮ ಹೇಳಿದರು, ಮಗಳಿಗೆ ತಲೆಸ್ನಾನ ಮಾಡಿ ಬಂದ ದಿನವೆಲ್ಲ ತಲೆನೋವು, ಥಂಡಿಯಿಂದ ಇರಬೇಕು ಎಂದುಕೊಂಡಿದ್ದೆವು ಅಂತ. ಫಿಟ್ಟರ್ ಅಲ್ಲಿಯೇ ಗ್ಯಾಸ್ ಬಂದ್ ಮಾಡಿದರು. ಗೋಡೆಯ ಮಸಿ, ಹಳದಿ ಉರಿ, ಸ್ನಾನದ ನಂತರದ ತಲೆನೋವು, ಈ ಮೂರರಲ್ಲಿ ಯಾವುದೊಂದು ನಿಮ್ಮ ಮನೆಯಲ್ಲಿದ್ದರೂ ಈ ಪತ್ರವನ್ನು ಪೂರ್ತಿ ಓದುವ ಮೊದಲೇ ಗೀಸರಿನ ಗ್ಯಾಸ್ ನಿಲ್ಲಿಸಿ ನಮಗೆ ಫೋನ್ ಮಾಡಿ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಹೊಸ ಗಾಳಿ ಒಳಗೆ ಬರಲು ಕೆಳಗಡೆ ತೆರೆದ ದಾರಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನಿನಿಂದ ರಕ್ಷಣೆ ಇಲ್ಲ. ಹೊಗೆ ಕೊಳವೆ ಇರುವ ಗೀಸರಾದರೆ ಹೊರಗೆ ಹೋಗಬೇಕಾದ ಹೊಗೆಯನ್ನೇ ಅದು ಒಳಕ್ಕೆ ಎಳೆಯಬಹುದು.

ಇನ್ನು ರಿಮೋಟಿನ ವಿಷಯ. ಕೆನಡಾದಲ್ಲಿರುವ ಮಗನ ಮನೆಗೆ ಹೋಗಿ ಬಂದ ಸದಸ್ಯರೊಬ್ಬರು ಅಲ್ಲಿನ ಹಾಲ್‌ನಲ್ಲಿ ಗ್ಯಾಸ್ ಬೆಂಕಿಗೂಡನ್ನು ಸೋಫಾದಲ್ಲಿ ಕೂತೇ ರಿಮೋಟ್‌ನಿಂದ ಹೊತ್ತಿಸುತ್ತಾರೆ, ಅಲ್ಲಿ ಒಳಗೇ ಇರಬಹುದಾದರೆ ಇಲ್ಲಿ ಯಾಕಾಗದು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಂಥ ಗೂಡುಗಳಲ್ಲಿ ಈಗ ಹೆಚ್ಚಾಗಿ ಬರುವ ಬಗೆಯಲ್ಲಿ ಬೆಂಕಿ ಮುಚ್ಚಿದ ಗಾಜಿನ ಹಿಂದೆ ಇರುತ್ತದೆ. ಉರಿಯಲು ಬೇಕಾದ ಗಾಳಿ ಕೊಳವೆಯ ಮೂಲಕ ಹೊರಗಿನಿಂದ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ, ಕೋಣೆಯ ಗಾಳಿಗೂ ಆ ಬೆಂಕಿಗೂ ಸಂಬಂಧವಿಲ್ಲ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿರುತ್ತಾರೆ. ನಾವು ಗೀಸರನ್ನು ಹೊರಗೋಡೆಗೆ ಒಯ್ಯುವುದೂ ಅದೇ ತತ್ವದಿಂದ, ಕಡಿಮೆ ಖರ್ಚಿನಲ್ಲಿ.

ರಿಮೋಟ್ ಬಂತೆಂದು ಕೆಲವು ಅಭ್ಯಾಸಗಳನ್ನು ಬಿಡಬಾರದು. ರಿಮೋಟಿನಲ್ಲಿ ಆಫ್ ಒತ್ತಿದರೆ ಮುಚ್ಚುವುದು ಗೀಸರಿನ ಒಳಗಿನ ವಾಲ್ವ್ ಮಾತ್ರ. ಸಿಲಿಂಡರಿನಿಂದ ಅಲ್ಲಿಯವರೆಗಿನ ಟ್ಯೂಬಿನಲ್ಲಿ ಗ್ಯಾಸ್ ಹಾಗೆಯೇ ನಿಂತಿರುತ್ತದೆ. ರಾತ್ರಿ ಮಲಗುವ ಮುಂಚೆ, ಊರಿಗೆ ಹೊರಡುವಾಗ, ರೆಗ್ಯುಲೇಟರ್ ತಿರುಗಿಸಿಯೇ ನಿಲ್ಲಿಸಬೇಕು. ಬಟನ್ ಒತ್ತಿ ನಲ್ಲಿ ತಿರುಗಿಸಿದರೂ ಹೊತ್ತಿಕೊಳ್ಳದಿದ್ದರೆ ಇನ್ನೊಮ್ಮೆ ನೋಡಿ. ಎರಡನೇ ಸಲವೂ ಹೊತ್ತದಿದ್ದರೆ ಅಲ್ಲಿಗೆ ಬಿಡಿ, ರೆಗ್ಯುಲೇಟರ್ ಬಂದ್ ಮಾಡಿ ನಮ್ಮನ್ನು ಕರೆಯಿರಿ. ಹೆಚ್ಚಿನ ಸಲ ಸೆಲ್ ಖಾಲಿಯಾಗಿರುವುದು ಅಥವಾ ಟಾಂಕಿಯ ನೀರಿನ ಒತ್ತಡ ಸಾಲದಿರುವುದು ಕಾರಣವಾಗಿರುತ್ತದೆ, ಆದರೆ ಅದನ್ನು ಮತ್ತೆ ಮತ್ತೆ ಕಿಡಿ ಹಾರಿಸಿ ಪರೀಕ್ಷೆ ಮಾಡಬಾರದು.

ಎಲ್ಲಕ್ಕಿಂತ ಮುಖ್ಯ: ಗ್ಯಾಸಿನ ವಾಸನೆ ಬಂದಾಗ ರಿಮೋಟನ್ನು ಮುಟ್ಟಲೇಬಾರದು. ಲೈಟಿನ ಸ್ವಿಚ್ ಹಾಕಬಾರದೆಂದು ಎಲ್ಲರಿಗೂ ಗೊತ್ತು. ಆದರೆ "ಆಫ್ ಮಾಡೋಣ" ಎಂದು ರಿಮೋಟ್ ಕೈಗೆತ್ತಿಕೊಂಡು ಗಡಿಬಿಡಿಯಲ್ಲಿ ಬೇರೆ ಬಟನ್ ಒತ್ತಿದರೆ, ಆ ಹೊತ್ತಿಗೆ ನೀರು ಹರಿಯುತ್ತಿದ್ದರೆ, ಗ್ಯಾಸ್ ತುಂಬಿದ ಜಾಗದಲ್ಲಿ ಕಿಡಿ ಹಾರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಎಲ್‌ಪಿಜಿ ತುರ್ತು ಸಹಾಯದ ನಂಬರ್ ಅದು.

ಬಿಸಿಯನ್ನು 40ರಿಂದ 42 ಡಿಗ್ರಿಯಲ್ಲಿ ಲಾಕ್ ಮಾಡಿಕೊಡುತ್ತೇವೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಮಕ್ಕಳದ್ದು, ವಯಸ್ಸಾದವರದ್ದು ಇನ್ನೂ ತೆಳು ಚರ್ಮ. ಒಬ್ಬರು ಮೀಯುತ್ತಿರುವಾಗ ಇನ್ನೊಬ್ಬರು ಹೊರಗಿನಿಂದ ಬಿಸಿ ಏರಿಸುವಂತಾಗಬಾರದು. ಆದ್ದರಿಂದ ರಿಮೋಟ್ ಬಾತ್‌ರೂಮಿನ ಸ್ಟ್ಯಾಂಡಿನಲ್ಲೇ ಇರಲಿ, ಟಿವಿ ರಿಮೋಟಿನ ಜೊತೆ ಹಾಲ್‌ನಲ್ಲಿ ಬೇಡ. ಮುರಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಸಿಗ್ನಲ್ ಕ್ಷೀಣವಾಗುವುದುಂಟು, ಫಿಟ್ಟರ್ ಅಲ್ಲಿ ನಿಂತು ಪರೀಕ್ಷಿಸಿಯೇ ಸ್ಟ್ಯಾಂಡ್ ಹೊಡೆಯುತ್ತಾರೆ. ಮೊಬೈಲ್‌ನಿಂದ ಆನ್ ಮಾಡುವ ಮಾದರಿಯನ್ನು ನಾವು ತರಿಸುವುದಿಲ್ಲ. ಈ ಗೀಸರಿನಲ್ಲಿ ನೀರು ಮೊದಲೇ ಕಾಯಿಸಿಡುವ ಪ್ರಶ್ನೆಯೇ ಇಲ್ಲದಿರುವಾಗ, ಮನೆಯಲ್ಲಿಲ್ಲದವರು ಮನೆಯ ಬೆಂಕಿ ಹೊತ್ತಿಸುವ ಅಗತ್ಯವೇ ಇಲ್ಲ.

ಹೊರಗೆ ಎಂದರೆ ನಿಜವಾಗಿಯೂ ಹೊರಗೆ. ಫ್ಲ್ಯಾಟುಗಳ ಯುಟಿಲಿಟಿ ಬಾಲ್ಕನಿಗೆ ಸ್ಲೈಡಿಂಗ್ ಗಾಜು ಹಾಕಿಸಿದ್ದರೆ ಅದು ಕೋಣೆಯೇ ಸರಿ, ಅಲ್ಲಿ ಕೂರಿಸುವುದಿಲ್ಲ. ಮಲಗುವ ಕೋಣೆಯ ಕಿಟಕಿಯ ಕೆಳಗೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಚರಂಡಿಯ ಬಾಯಿ, ಸಂಪ್, ಬಾವಿಕಟ್ಟೆಯ ಹತ್ತಿರ ಇರಬಾರದು. ಮಲ್ಪೆ, ಕಾಪು, ಉಳ್ಳಾಲದಂಥ ಕಡಲ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಬರ್ನರ್ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಶೀಟಿನ ಮಾಡು ಕಡ್ಡಾಯ, ಸರ್ವೀಸ್ ವರ್ಷಕ್ಕೆ ಎರಡು ಸಲ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿಗೆ ಐದು ವರ್ಷ ಆಗಿದ್ದರೆ ಅದನ್ನೂ ಬದಲಾಯಿಸುತ್ತೇವೆ.

ಮಂಗಳೂರಿನ ಗ್ರಾಹಕರಿಗೆ ವಿಶೇಷವಾಗಿ ಒಂದು ಮಾತು. 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಪೈಪ್ ಗ್ಯಾಸ್ ಹಲವು ಮನೆಗಳ ಅಡುಗೆಮನೆಗೆ ಬಂದಿದೆ. ಆ ಗ್ಯಾಸ್ ಬೇರೆ, ಸಿಲಿಂಡರಿನ ಗ್ಯಾಸ್ ಬೇರೆ. ಎರಡಕ್ಕೂ ಒತ್ತಡ ಒಂದೇ ಅಲ್ಲ, ಬರ್ನರಿನ ಜೆಟ್ಟಿನ ತೂತೂ ಒಂದೇ ಅಲ್ಲ. ಪೈಪ್ ಗ್ಯಾಸಿನ ದೊಡ್ಡ ಜೆಟ್ಟಿಗೆ ಸಿಲಿಂಡರ್ ಜೋಡಿಸಿದರೆ ಗ್ಯಾಸ್ ಅತಿಯಾಗಿ ನುಗ್ಗಿ ಹಳದಿ ಉರಿ, ಮಸಿ, ವಿಷ ಎಲ್ಲವೂ ಬರುತ್ತದೆ. ದಯವಿಟ್ಟು ಪ್ಲಂಬರಿನ ಕೈಯಲ್ಲಿ ಗ್ಯಾಸಿನ ಪೈಪಿಗೆ ಟಿ (ಕವಲು) ಹಾಕಿಸಿ ಗೀಸರ್ ಜೋಡಿಸಬೇಡಿ.

ಬಚ್ಚಲಿನಲ್ಲಿ ಯಾರಾದರೂ ಕುಸಿದು ಬಿದ್ದರೆ ಮೊದಲು ನೀವು ಉಸಿರು ಬಿಗಿಹಿಡಿದು ಅವರನ್ನು ತೆರೆದ ಗಾಳಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ತೋರಿಸಿತೆಂದು ಸಮಾಧಾನ ಪಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅನ್ನೂ ಆ ಯಂತ್ರ ಆಮ್ಲಜನಕವೆಂದೇ ಓದುತ್ತದೆ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಆಗ ಅವರು ಅದಕ್ಕೆಂದೇ ಇರುವ ರಕ್ತ ಪರೀಕ್ಷೆ ಮಾಡಿಸಿ ಶುದ್ಧ ಆಮ್ಲಜನಕ ಕೊಡುತ್ತಾರೆ. ಮಾಮೂಲು ಗಾಳಿಯಲ್ಲಿ ರಕ್ತದಿಂದ ಅರ್ಧ ವಿಷ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆ ಸಾಕು.

ಖರ್ಚಿನ ವಿಷಯ: ಸ್ಥಳಾಂತರದ ಕೂಲಿ ಸಂಘದ್ದು, ಪೈಪಿನ ಮತ್ತು ರಿಮೋಟ್ ಜೋಡಣೆಯ ಸಾಮಾನಿನ ಖರ್ಚು ನಿಮ್ಮದು. ಸದಸ್ಯರು ಅದನ್ನು ಕಂತಿನಲ್ಲಿ ಕಟ್ಟಬಹುದು. ಹಳೆಯ ಮಾದರಿಗೆ ರಿಮೋಟ್ ಕೂರದಿದ್ದರೆ ಅದನ್ನು ಹಿಂದಕ್ಕೆ ಪಡೆದು ಹೊಸದರ ಬೆಲೆಯಲ್ಲಿ ಕಳೆಯುತ್ತೇವೆ. ಹೊರಗೆ ಜಾಗವೇ ಇಲ್ಲದ ಫ್ಲ್ಯಾಟುಗಳಿಗೆ ನಾವು ಗ್ಯಾಸ್ ಗೀಸರ್ ಮಾರುವುದಿಲ್ಲ. ಕರೆಂಟಿನ ಗೀಸರ್ ಹಾಕಿಸಿಕೊಳ್ಳಿ, ಅರ್ಥಿಂಗ್ ಸರಿಯಿರಲಿ.

ದೀಪಾವಳಿ ಕಳೆದ ಮೇಲೂ ಗೀಸರನ್ನು ಬಾತ್‌ರೂಮಿನ ಒಳಗೇ ಇಟ್ಟುಕೊಂಡವರಿಗೆ ನಮ್ಮಿಂದ ಸರ್ವೀಸ್ ಇರುವುದಿಲ್ಲ. ಇದನ್ನು ಬರೆಯಲು ನಮಗೆ ಸಂತೋಷವಿಲ್ಲ. ಹಳೆಯ ಗ್ರಾಹಕರನ್ನು ಕಳೆದುಕೊಳ್ಳಬಹುದೆಂಬುದೂ ಗೊತ್ತು. ಆದರೂ ನಿರ್ಧಾರ ಬದಲಾಗುವುದಿಲ್ಲ.

ಮಣಿಪಾಲ, ದೇರಳಕಟ್ಟೆಯಲ್ಲಿ ಪಿಜಿ ಮತ್ತು ಬಾಡಿಗೆ ಮನೆ ಇಟ್ಟಿರುವ ಮಾಲೀಕರ ಮನೆಗಳಿಗೆ ನಮ್ಮವರು ಮೊದಲು ಬರುತ್ತಾರೆ. ಬೇರೆ ಊರಿಂದ ಓದಲು ಬಂದ ಮಕ್ಕಳಿಗೆ ಗೀಸರಿನ ಉರಿ ನೀಲಿಯೋ ಹಳದಿಯೋ ಎಂದು ನೋಡುವ ಅಭ್ಯಾಸ ಇರುವುದಿಲ್ಲ. ಎಷ್ಟು ಗೀಸರ್ ಇವೆ, ಎಲ್ಲೆಲ್ಲಿ ಕೂತಿವೆ ಎಂಬುದನ್ನು ಬರೆದು ಈ ವಾರದೊಳಗೆ ಕೌಂಟರಿಗೆ ತಲುಪಿಸಿದರೆ ಪಾಳಿ ಹಾಕಲು ಅನುಕೂಲ. ಉಳಿದವರು ಬಿಲ್ಲಿನ ಮೇಲಿರುವ ನಂಬರಿಗೆ ಬೆಳಿಗ್ಗೆ ಒಂಬತ್ತರ ನಂತರ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ನಿಮ್ಮ ಪಾಳಿ ಬರುವ ತನಕ ಬಾಲ್ದಿಗೆ ಬಿಸಿನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿ ಆಡಿದ ಮೇಲೆಯೇ ಸ್ನಾನಕ್ಕೆ ಇಳಿಯಿರಿ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)