ಓಮ್‌ನ ನಿಯಮ ನಲವತ್ತು ನಿಮಿಷದಲ್ಲಿ ಹಿಡಿಸುವುದಿಲ್ಲ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾವು ತಮ್ಮಲ್ಲಿ ಕೇಳುತ್ತಿರುವುದು ಪ್ರಯೋಗದ ತಯಾರಿಗೆ ವೇಳಾಪಟ್ಟಿಯಲ್ಲಿ ಒಂದಿಷ್ಟು ಜಾಗ. ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ವಾರಕ್ಕೊಮ್ಮೆ ವಿಜ್ಞಾನದ ಜೋಡಿ ಪಿರಿಯಡ್ ಬೇಕು. ಅದರ ಹಿಂದಿನ ದಿನ ಶಿಕ್ಷಕರು ಆ ಪ್ರಯೋಗವನ್ನು ತಾವೇ ಒಮ್ಮೆ ಮಾಡಿ ನೋಡಲು ಒಂದು ಪಿರಿಯಡ್ ಬಿಡುವು ಬೇಕು. ಪಾಠ ಯೋಜನೆಯ ನಮೂನೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಮೇಲ್ನೋಟಕ್ಕೆ ಸಣ್ಣ ಮಾತು. ಆದರೆ ಮಕ್ಕಳು ಭೌತಶಾಸ್ತ್ರವನ್ನು ಇಷ್ಟಪಡುತ್ತಾರೋ ಬಾಯಿಪಾಠ ಮಾಡುತ್ತಾರೋ ಎಂಬುದು ನಿಂತಿರುವುದು ಇದರ ಮೇಲೆಯೇ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಅಧ್ಯಾಯವನ್ನೇ ನೋಡಿ. ಅರ್ಧ ಮೀಟರ್ ನಿಕ್ರೋಮ್ ತಂತಿ, ಪ್ರವಾಹ ಅಳೆಯುವ ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, 1.5 ವೋಲ್ಟಿನ ನಾಲ್ಕು ಸೆಲ್ಲು ಜೋಡಿಸಿ, ಸೆಲ್ಲುಗಳನ್ನು ಒಂದೊಂದಾಗಿ ಹೆಚ್ಚಿಸುತ್ತಾ ಅಳತೆ ತೆಗೆಯಿರಿ ಎನ್ನುತ್ತದೆ ಪಠ್ಯಪುಸ್ತಕ. ಚಟುವಟಿಕೆ ಚೆನ್ನಾಗಿಯೇ ಇದೆ. ಆದರೆ ತಂತಿ ಎಷ್ಟು ದಪ್ಪವಿರಬೇಕು ಎಂದು ಅಲ್ಲಿ ಹೇಳಿಲ್ಲ. ಅಂಗಡಿಯಲ್ಲಿ ಸಿಕ್ಕ 28 ಗೇಜಿನ ತಂತಿ ತಂದರೆ ಅರ್ಧ ಮೀಟರಿಗೆ ರೋಧ (ಪ್ರವಾಹಕ್ಕೆ ತಂತಿ ಒಡ್ಡುವ ತಡೆ) ಸುಮಾರು 5 ಓಮ್. ನಾಲ್ಕು ಸೆಲ್ಲು ಹಾಕಿದಾಗ ಲೆಕ್ಕದ ಪ್ರಕಾರ 1.2 ಆಂಪಿಯರ್ ಹರಿಯಬೇಕು. ಶಾಲೆಯ ಪೆಟ್ಟಿಗೆಯಲ್ಲಿರುವುದು 500 ಮಿಲಿಆಂಪಿಯರಿನ ಅಮ್ಮೀಟರ್ ಆಗಿದ್ದರೆ ಎರಡನೇ ಸೆಲ್ಲಿಗೇ ಮುಳ್ಳು ತುದಿ ಮುಟ್ಟಿ ನಿಂತುಬಿಡುತ್ತದೆ. ಸಣ್ಣ ಪೆನ್ಸಿಲ್ ಸೆಲ್ಲುಗಳು ಅಷ್ಟು ಪ್ರವಾಹ ಕೊಡಲಾರದೆ ಕುಸಿಯುತ್ತವೆ. ಅಳತೆಗಳು ಯಾವ ಗೆರೆಗೂ ಕೂರುವುದಿಲ್ಲ. ಆಗ ಶಿಕ್ಷಕರು ಕರಿಹಲಗೆಯ ಮೇಲೆ ತಾವೇ ನಾಲ್ಕು ಅಂಕಿ ಬರೆದು, ನಕ್ಷೆ ಎಳೆದು, ‘ವಿ ಭಾಗಿಸು ಐ ಸ್ಥಿರ’ ಎಂದು, ಅಂದರೆ ವೋಲ್ಟನ್ನು ಪ್ರವಾಹದಿಂದ ಭಾಗಿಸಿದರೆ ಪ್ರತಿ ಸಲವೂ ಒಂದೇ ಅಂಕಿ ಎಂಬ ಓಮ್‌ನ ನಿಯಮವನ್ನು ಹೇಳಿ ಮುಗಿಸಬೇಕಾಗುತ್ತದೆ. ಕಣ್ಣೆದುರು ಕಂಡದ್ದು ಒಂದು, ಬರೆದುಕೊಂಡದ್ದು ಇನ್ನೊಂದು ಎಂಬುದು ಮಕ್ಕಳಿಗೆ ಗೊತ್ತಾಗುತ್ತದೆ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ.

ಅದಕ್ಕಿಂತ ತೆಳುವಾದ 36 ಗೇಜಿನ ತಂತಿ ತಂದರೆ ಅದೇ ಪ್ರಯೋಗ ಸಲೀಸು. ಅರ್ಧ ಮೀಟರಿಗೆ ಸುಮಾರು 19 ಓಮ್ ಬರುತ್ತದೆ. ಒಂದು ಸೆಲ್ಲಿಗೆ 0.07 ಆಂಪಿಯರ್, ನಾಲ್ಕಕ್ಕೆ 0.3ರ ಒಳಗೆ. ಹಳೆಯ ಅಮ್ಮೀಟರಿನಲ್ಲೂ ಓದಬಹುದು. ತಂತಿಯ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಸ್ಕ್ರೂಗೆ ಬಿಗಿಯಬೇಕು, ಏಕೆಂದರೆ ನಿಕ್ರೋಮ್‌ಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಪ್ಲಗ್ ಕೀಯ ಹಿತ್ತಾಳೆ ಕಪ್ಪಾಗಿದ್ದರೆ ಅದನ್ನೂ ಉಜ್ಜಬೇಕು. ಅಳತೆ ಓದಿದ ಕೂಡಲೇ ಕೀ ತೆಗೆಯಬೇಕು, ಇಲ್ಲದಿದ್ದರೆ ತಂತಿ ಬಿಸಿಯಾಗುತ್ತದೆ, ಸೆಲ್ಲು ಬೇಗ ಇಳಿಯುತ್ತದೆ. ಇವೆಲ್ಲ ಯಾವ ತರಬೇತಿಯ ಕೈಪಿಡಿಯನ್ನೂ ಓದದೆ, ಹಿಂದಿನ ದಿನ ಒಮ್ಮೆ ಕೈಯಾಡಿಸಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುವ ವಿಷಯಗಳು. ಆ ಅರ್ಧ ಗಂಟೆ ಇವತ್ತು ವೇಳಾಪಟ್ಟಿಯಲ್ಲಿ ಎಲ್ಲೂ ಇಲ್ಲ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರೆಂದರೆ ಗಣಿತವೂ ಅವರ ಪಾಲಿಗೇ ಇರುತ್ತದೆ ಎಂಬುದು ತಮಗೆ ತಿಳಿದದ್ದೇ.

ಪ್ರಯೋಗ ಕೈಹಿಡಿದರೆ ಸಾಕೇ? ಸಾಲದು. ಪಾಠ ಮಕ್ಕಳನ್ನು ಹಿಡಿದು ಕೂರಿಸುವುದು ಕೀ ಒತ್ತುವ ಮೊದಲಿನ ಎಂಟು ನಿಮಿಷದಲ್ಲಿ. ‘ಬಲ್ಬಿಗೆ ಹೋಗುವ ತಂತಿಯಲ್ಲೊಂದು, ಬಲ್ಬಿನಿಂದ ಹೊರಬರುವ ತಂತಿಯಲ್ಲೊಂದು ಅಮ್ಮೀಟರ್ ಇಟ್ಟರೆ ಯಾವುದರಲ್ಲಿ ಹೆಚ್ಚು ತೋರಿಸುತ್ತದೆ?’ ಎಂದು ಕೇಳಿ, ಉತ್ತರವನ್ನು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನ ಒಬ್ಬ ಹೇಳಿದ್ದನ್ನೇ ಉಳಿದವರು ಹೇಳುತ್ತಾರೆ. ಒಳಹೋಗುವ ಕಡೆ ಹೆಚ್ಚು, ಬಲ್ಬು ಒಂದಷ್ಟನ್ನು ‘ತಿಂದುಬಿಡುತ್ತದೆ’ ಎಂದು ಬಹಳ ಮಕ್ಕಳು ಬರೆಯುತ್ತಾರೆ. ಎರಡೂ ಮೀಟರುಗಳ ಮುಳ್ಳು ಒಂದೇ ಅಂಕಿಯ ಮೇಲೆ ನಿಂತಾಗ ತರಗತಿಯಲ್ಲಿ ಏಳುವ ಗುಜುಗುಜು ಇದೆಯಲ್ಲ, ಪಾಠ ಶುರುವಾಗುವುದು ಅಲ್ಲಿ. ಎರಡು ಮೀಟರೂ ಒಂದೇ ಅಳತೆ ತೋರಿಸುತ್ತವೆಯೇ ಎಂದು ಮೊದಲೇ ಪಕ್ಕಪಕ್ಕ ಜೋಡಿಸಿ ನೋಡಿರಬೇಕು. ಒಂದರ ಮುಳ್ಳು ಸೊನ್ನೆಯಿಂದ ಸ್ವಲ್ಪ ಸರಿದಿದ್ದರೂ ಮಕ್ಕಳ ತಪ್ಪು ನಂಬಿಕೆಗೇ ಪುರಾವೆ ಕೊಟ್ಟಂತಾಗುತ್ತದೆ.

ತಂತಿಯ ಪ್ರಯೋಗದಲ್ಲಿ ಇನ್ನೊಂದು ಸಿಗುತ್ತದೆ. ನಾಲ್ಕು ಸೆಲ್ಲು ಹಾಕಿದರೆ 6 ವೋಲ್ಟ್ ಎಂದು ಮಕ್ಕಳು ಎದುರು ನೋಡುತ್ತಾರೆ. ವೋಲ್ಟ್‌ಮೀಟರ್ 5.3 ಅಥವಾ 5.4 ತೋರಿಸುತ್ತದೆ. ‘ಉಳಿದದ್ದು ಎಲ್ಲಿ ಹೋಯ್ತು ಸರ್?’ ಎಂಬ ಪ್ರಶ್ನೆ ಬರುತ್ತದೆ. ಅದು ಸೆಲ್ಲಿನ ಒಳರೋಧದ ಪ್ರಶ್ನೆ, ಪಿಯುಸಿಯ ಪಾಠ. ಹತ್ತನೇ ತರಗತಿಯ ಹುಡುಗಿ ತಾನಾಗಿ ಅಲ್ಲಿಗೆ ತಲುಪಿದ್ದಾಳೆ. ಅದನ್ನು ಆಡಿ ಮುಗಿಸಲು ಐದು ನಿಮಿಷ ಬೇಕು, ಆ ಐದು ನಿಮಿಷ ಈಗಿನ ಪಿರಿಯಡ್‌ನಲ್ಲಿ ಇರುವುದಿಲ್ಲ. ಸೆಲ್ಲುಗಳನ್ನು ಎಣಿಸಿ 1.5, 3, 4.5, 6 ಎಂದು ಬರೆದುಕೊಳ್ಳುವ ಅಭ್ಯಾಸವನ್ನು ಬಿಡಿಸುವುದೂ ಇಲ್ಲೇ. ತಂತಿಯ ಎರಡು ತುದಿಗಳ ನಡುವೆ ಅಳೆದದ್ದೇ ವಿಭವಾಂತರ.

ತಂತಿ ಆದಮೇಲೆ ಅದೇ ಜಾಗಕ್ಕೆ 2.5 ವೋಲ್ಟ್, 0.3 ಆಂಪಿಯರಿನ ಟಾರ್ಚ್ ಬಲ್ಬು ಹಾಕಿಸಬೇಕು. ಉರಿಯುವಾಗ ಅದರ ರೋಧ 8 ಓಮ್‌ಗೂ ತುಸು ಮೇಲೆ. ಆರಿಸಿ, ತಣ್ಣಗಾದಮೇಲೆ ಮಲ್ಟಿಮೀಟರಿನಲ್ಲಿ ಅಳೆದರೆ ಒಂದು ಓಮ್‌ನ ಆಸುಪಾಸು. ನಕ್ಷೆಯ ಗೆರೆ ಬಾಗುತ್ತದೆ. ಓಮ್‌ನ ನಿಯಮದಲ್ಲಿ ‘ಉಷ್ಣತೆ ಬದಲಾಗದಿದ್ದಾಗ’ ಎಂಬ ಮಾತು ಏಕಿದೆ ಎಂದು ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ಎರಡಕ್ಕಿಂತ ಹೆಚ್ಚು ಸೆಲ್ಲು ಹಾಕಿದರೆ ಈ ಬಲ್ಬು ಸುಟ್ಟುಹೋಗುತ್ತದೆ, ಆದ್ದರಿಂದ ಉಳಿದ ಸೆಲ್ಲುಗಳನ್ನು ಮೊದಲೇ ವಾಪಸು ಪಡೆಯಬೇಕು. ಬಹುತೇಕ ಟಾರ್ಚುಗಳು ಎಲ್‌ಇಡಿಗೆ ಬದಲಾಗಿರುವುದರಿಂದ ತಂತುವಿನ ಬಲ್ಬು ಸಿಗದಿದ್ದರೆ ಗ್ಯಾರೇಜಿನಲ್ಲಿ ಬೈಕಿನ 12 ವೋಲ್ಟಿನ ಇಂಡಿಕೇಟರ್ ಬಲ್ಬು ಸಿಗುತ್ತದೆ. ಆದರೆ ಅದಕ್ಕೆ ದಪ್ಪ ಸೆಲ್ಲು ಬೇಕು, ಮಲ್ಟಿಮೀಟರ್ 10 ಆಂಪಿಯರಿನ ತೂತಿನಲ್ಲಿರಬೇಕು. ಆ ತೂತಿನಲ್ಲಿ ತಂತಿ ಬಿಟ್ಟು ಆಮೇಲೆ ವೋಲ್ಟ್ ಅಳೆಯಲು ಹೋಗುವುದು ತೀರಾ ಸಾಮಾನ್ಯ ತಪ್ಪು. ಆಗ ಮೀಟರೇ ಸೆಲ್ಲುಗಳ ಎರಡು ತುದಿಗಳನ್ನು ನೇರ ಕೂಡಿಸಿ ಶಾರ್ಟ್ ಮಾಡಿಬಿಡುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರ ಇದ್ಯಾವುದೂ ಹೋಗಕೂಡದು ಎಂಬುದನ್ನು ಪ್ರತಿ ಸಲವೂ ಹೇಳಲೇಬೇಕು.

ಈಗ ಸಮಯದ ಲೆಕ್ಕ. ನಲವತ್ತು ಮಕ್ಕಳು, ಐವರಂತೆ ಎಂಟು ಗುಂಪು. ಊಹೆ ಬರೆಯಲು ಎಂಟು ನಿಮಿಷ, ಸಾಮಾನು ಹಂಚಿ ಜೋಡಿಸಲು ಹತ್ತು, ಅಳತೆಗೆ ಇಪ್ಪತ್ತೈದು, ನಕ್ಷೆಗೆ ಹದಿನೈದು, ಮಾತುಕತೆಗೆ ಹದಿನೈದು, ಎಲ್ಲವನ್ನೂ ಎಣಿಸಿ ಪೆಟ್ಟಿಗೆಗೆ ಸೇರಿಸಲು ಏಳು. ಒಟ್ಟು ಎಂಬತ್ತು ನಿಮಿಷ. ನಲವತ್ತು ನಿಮಿಷದ ಎರಡು ಪಿರಿಯಡ್‌ಗಳನ್ನು ಬೇರೆ ಬೇರೆ ದಿನ ಕೊಟ್ಟರೆ ಹಂಚುವುದು, ಜೋಡಿಸುವುದು, ಬಿಚ್ಚುವುದು ಎರಡೆರಡು ಸಲ ಆಗಿ, ಮಾತುಕತೆಗೆ ಇಟ್ಟ ಸಮಯವನ್ನೇ ಅದು ನುಂಗುತ್ತದೆ. ಒಟ್ಟು ಪಿರಿಯಡ್‌ಗಳ ಸಂಖ್ಯೆ ಹೆಚ್ಚಿಸಿ ಎಂದು ನಾವು ಕೇಳುತ್ತಿಲ್ಲ. ಇರುವುದರಲ್ಲೇ ಎರಡನ್ನು ಅಕ್ಕಪಕ್ಕ ಇಡಲು ಸುತ್ತೋಲೆ ಬೇಕು. ಮುಖ್ಯಶಿಕ್ಷಕರು ಒಪ್ಪಿದ ಕಡೆಯಲ್ಲೂ ಅದು ಅವರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಬೆಳಕಿನ ಪಾಠದ್ದೂ ಇದೇ ಕಥೆ, ಆದರೆ ಎಡವುವ ಕಲ್ಲುಗಳು ಬೇರೆ. ಪೀನ ಮಸೂರದ ಮುಂದೆ ಮೇಣದಬತ್ತಿ ಇಟ್ಟು ಪರದೆಯ ಮೇಲೆ ಪ್ರತಿಬಿಂಬ ಹಿಡಿಯುವುದು ವಾಡಿಕೆ. ಕಿಟಕಿಯ ಗಾಳಿಗೆ ಜ್ವಾಲೆ ಅಲುಗಾಡುತ್ತದೆ, ಹಗಲ ಬೆಳಕಿಗೆ ಪ್ರತಿಬಿಂಬ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಜ್ವಾಲೆಯ ಎಡಬಲ ಒಂದೇ ಥರ ಇರುವುದರಿಂದ ಪ್ರತಿಬಿಂಬ ಮೇಲೆಕೆಳಗಾದದ್ದಷ್ಟೇ ಕಾಣುತ್ತದೆ, ಎಡಬಲವೂ ಅದಲುಬದಲಾದದ್ದು ಗೊತ್ತೇ ಆಗುವುದಿಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ‘ಜ’ ಎಂದು ಬೆರಳಗಲ ಬರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಎರಡೂ ಒಟ್ಟಿಗೆ ಕಾಣುತ್ತವೆ. ಟಾರ್ಚನ್ನು ಕಾಗದಕ್ಕೆ ಒತ್ತಿ ಹಿಡಿಯದೆ ನಾಲ್ಕೈದು ಸೆಂಟಿಮೀಟರ್ ಹಿಂದೆ ಇಟ್ಟರೆ ಅಕ್ಷರದ ಮೇಲೆ ಬೆಳಕು ಸಮನಾಗಿ ಹರಡುತ್ತದೆ. ಪರದೆಯನ್ನು ಒಂದು ಬದಿ ತೆರೆದ ಚಪ್ಪಲಿ ಪೆಟ್ಟಿಗೆಯೊಳಗೆ ಕೂರಿಸಿದರೆ ಕತ್ತಲೆ ಕೋಣೆಯೂ ಬೇಡ.

10 ಸೆಂಟಿಮೀಟರ್ ಸಂಗಮ ದೂರದ ಭೂತಗನ್ನಡಿ ಇದಕ್ಕೆ ಹೇಳಿ ಮಾಡಿಸಿದ್ದು. ಅಕ್ಷರವನ್ನು ಮಸೂರದಿಂದ 30 ಸೆಂಟಿಮೀಟರಿನಲ್ಲಿಟ್ಟರೆ ಆಚೆ ಬದಿಯ ಪರದೆ 15ರಲ್ಲಿ, 20ಕ್ಕೆ 20, 15ಕ್ಕೆ 30, 12ಕ್ಕೆ 60. 11ಕ್ಕೆ ಹೋದರೆ ಪರದೆ 110ಕ್ಕೆ ಹೋಗುತ್ತದೆ, ಮೇಜು ಮುಗಿದಿರುತ್ತದೆ. ಅದನ್ನು ಮೊದಲೇ ತಿಳಿಯದಿದ್ದರೆ ಮಕ್ಕಳು ಸಿಗದ ಪ್ರತಿಬಿಂಬವನ್ನು ಹುಡುಕುತ್ತಾ ಹದಿನೈದು ನಿಮಿಷ ಕಳೆಯುತ್ತಾರೆ. ‘ಮಸೂರದ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿದರೆ ಪೂರ್ಣ ಪ್ರತಿಬಿಂಬ ಬರುತ್ತದೆಯೇ?’ ಎಂಬ ಪ್ರಶ್ನೆ ಪಠ್ಯದ ಅಭ್ಯಾಸದಲ್ಲೇ ಇದೆ. ಅದಕ್ಕೆ ಉತ್ತರವನ್ನು ಗೈಡಿನಿಂದ ಕಲಿಯುವ ಬದಲು ಊಹೆ ಬರೆಸಿ ಕಾಗದ ಮುಚ್ಚಿಸಿದರೆ ಎರಡು ನಿಮಿಷದ ಕೆಲಸ. ಅರ್ಧ ಅಕ್ಷರ ಮಾಯವಾಗುತ್ತದೆ ಎಂದು ಬರೆದವರ ಕಣ್ಣೆದುರು ಇಡೀ ‘ಜ’ ಮಂಕಾಗಿ ನಿಂತಿರುತ್ತದೆ. ಕಾಗದವನ್ನು ಮಸೂರಕ್ಕೆ ತಾಗಿಸಿಯೇ ಹಿಡಿಯಬೇಕು. ಅಕ್ಷರದ ಹತ್ತಿರ ಹಿಡಿದರೆ ನಿಜಕ್ಕೂ ಅರ್ಧ ಮಾಯವಾಗಿ ಪಾಠ ತಲೆಕೆಳಗಾಗುತ್ತದೆ.

ಒಂಬತ್ತನೇ ತರಗತಿಯ ಶಬ್ದದ ಪಾಠಕ್ಕೆ ಸಾಮಾನೇ ಬೇಡ. ದೊಡ್ಡ ಗೋಡೆಯಿಂದ 43 ಮೀಟರ್ ದೂರದಲ್ಲಿ ನಿಂತು, ಚಪ್ಪಾಳೆ, ಪ್ರತಿಧ್ವನಿ, ಚಪ್ಪಾಳೆ, ಪ್ರತಿಧ್ವನಿ ಸಮ ಅಂತರದಲ್ಲಿ ಕೇಳುವಂತೆ ತಟ್ಟಬೇಕು. ಇಪ್ಪತ್ತು ಅಂತರಕ್ಕೆ ಇಪ್ಪತ್ತೊಂದು ಚಪ್ಪಾಳೆ, ಸುಮಾರು 10 ಸೆಕೆಂಡ್. ದೂರದ ನಾಲ್ಕರಷ್ಟನ್ನು ಒಂದು ಅಂತರದ ಕಾಲದಿಂದ ಭಾಗಿಸಿದರೆ ಸೆಕೆಂಡಿಗೆ 344 ಮೀಟರಿನ ಹತ್ತಿರ ಬರುತ್ತದೆ. ಮೊದಲ ಚಪ್ಪಾಳೆಯನ್ನು ‘ಒಂದು’ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ, ‘ಸೊನ್ನೆ’ಯಿಂದ ಶುರು ಮಾಡಬೇಕು.

ಇನ್ನು ಪಾಠ ಯೋಜನೆಯ ಪುಸ್ತಕ. ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳ ನಮೂನೆಯ ಹಿಂದಿನ ಆಲೋಚನೆಯನ್ನು ನಾವು ಗೌರವಿಸುತ್ತೇವೆ. ಆದರೆ ಅಂಕಣ ತುಂಬಿ ಸಹಿ ಹಾಕಿಸುವ ಕೆಲಸವಾಗಿ ಅದು ಉಳಿದರೆ, ‘ಪರಿಶೋಧನೆ’ ಎಂಬ ಅಂಕಣದಲ್ಲಿ ‘ಚಟುವಟಿಕೆ ಮಾಡಿಸುವುದು’ ಎಂದಷ್ಟೇ ಬರೆದು ಮುಂದೆ ಹೋಗಬಹುದು. ಅದರ ಬದಲು ಒಂದು ಪುಟ ಸಾಕು. ಮಕ್ಕಳು ಯಾವ ಪ್ರಶ್ನೆಗೆ ಊಹೆ ಬರೆಯುತ್ತಾರೆ, ಅವರು ಏನು ಬರೆಯಬಹುದು, ಯಾವ ಸಾಮಾನು ಎಷ್ಟು, ಹಿಂದಿನ ದಿನ ಮಾಡಿ ನೋಡಿದಾಗ ಸಿಕ್ಕ ಅಳತೆ ಏನು, ಏನು ಕೈಕೊಟ್ಟಿತು. ಕೊನೆಯ ಎರಡನ್ನು ಗೈಡಿನಿಂದ ನಕಲು ಮಾಡಲು ಬರುವುದಿಲ್ಲ. ತಪಾಸಣೆಗೆ ಬರುವ ಅಧಿಕಾರಿಗಳು ಆ ಎರಡು ಸಾಲು ಓದಿದರೆ ಪಾಠ ಹೇಗೆ ನಡೆದಿರಬಹುದೆಂದು ಅವರಿಗೇ ತಿಳಿಯುತ್ತದೆ.

ಪರೀಕ್ಷೆ ಬದಲಾಗದೆ ಇದು ನಿಲ್ಲುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಎಸ್‌ಎಸ್‌ಎಲ್‌ಸಿಯ 80 ಅಂಕದ ಪ್ರಶ್ನೆಪತ್ರಿಕೆಯಲ್ಲಿ ಅಳತೆಗಳನ್ನು ಕೊಟ್ಟು ಕೇಳುವ ಒಂದು ಪ್ರಶ್ನೆ ಖಾಯಂ ಇರಲಿ. ಉದಾಹರಣೆಗೆ ಒಂದು ತಂತಿಗೆ 1.4, 2.8, 4.1, 5.4 ವೋಲ್ಟಿನಲ್ಲಿ ಕ್ರಮವಾಗಿ 0.07, 0.15, 0.12, 0.28 ಆಂಪಿಯರ್ ಬಂದಿದೆ. ಇದರಲ್ಲಿ ಯಾವ ಅಳತೆ ಅನುಮಾನಾಸ್ಪದ, ವಿದ್ಯಾರ್ಥಿ ಏನು ತಪ್ಪು ಮಾಡಿರಬಹುದು? ಕೈಯಾರೆ ಮಾಡಿದ ಹುಡುಗನಿಗೆ 0.21 ಅನ್ನು ತಿರುಗಾಮುರುಗಾ ಬರೆದದ್ದು ಕೂಡಲೇ ಹೊಳೆಯುತ್ತದೆ. ಇಂಥದ್ದು ಬರುತ್ತದೆಂದು ಗೊತ್ತಾದರೆ ಪೋಷಕರೂ ಪ್ರಯೋಗಾಲಯದ ಬೀಗ ಏಕೆ ತೆರೆದಿಲ್ಲ ಎಂದು ಕೇಳುತ್ತಾರೆ.

ಕೊನೆಯದಾಗಿ ಹಣ. ಎಂಟು ಗುಂಪಿಗೆ ಮೂವತ್ತೆರಡು ಸೆಲ್ಲು, ಐದು ಮೀಟರ್ ನಿಕ್ರೋಮ್ ತಂತಿ, ಹನ್ನೆರಡು ಬಲ್ಬು (ನಾಲ್ಕು ಸುಟ್ಟೇ ಸುಡುತ್ತವೆ), ಎಂಟು ಭೂತಗನ್ನಡಿ, ಎಂಬತ್ತು ಕ್ಲಿಪ್ ತಂತಿ, ಹದಿನಾರು ಅಗ್ಗದ ಮಲ್ಟಿಮೀಟರ್. ಮೀಟರು, ಮಸೂರ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತವೆ. ಪ್ರತಿ ವರ್ಷ ಖರ್ಚಾಗುವುದು ಸೆಲ್ಲು, ಬಲ್ಬು, ಉಪ್ಪುಕಾಗದ. ಶಾಲಾ ಅನುದಾನದಲ್ಲಿ ಇದಕ್ಕೆಂದೇ ಒಂದು ಸಣ್ಣ ಮೊತ್ತವನ್ನು ಗುರುತಿಸಿ, ವಿಜ್ಞಾನ ಶಿಕ್ಷಕರು ಊರಿನ ಅಂಗಡಿಯಲ್ಲೇ ಕೊಂಡು ಬಿಲ್ಲು ಕೊಡುವಂತೆ ಮಾಡಿ. ಬೆಂಗಳೂರಿನಿಂದ ಎಲ್ಲ ಶಾಲೆಗಳಿಗೂ ಒಟ್ಟಿಗೆ ಕಿಟ್ ಖರೀದಿಸಿ ಕಳಿಸುವ ಯೋಚನೆ ಇದ್ದರೆ ದಯವಿಟ್ಟು ಸೆಲ್ಲುಗಳನ್ನು ಮಾತ್ರ ಅದರಲ್ಲಿ ಸೇರಿಸಬೇಡಿ. ಜೂನ್‌ನಲ್ಲಿ ಬಂದ ಸೆಲ್ಲು ಪಾಠದ ಸರದಿ ಬರುವ ಹೊತ್ತಿಗೆ ಕಪಾಟಿನಲ್ಲೇ ಸೋರಿ, ಪಕ್ಕದಲ್ಲಿಟ್ಟ ಅಮ್ಮೀಟರಿನ ತಿರುಪುಗಳನ್ನೂ ಹಾಳು ಮಾಡಿರಬಹುದು.

ಇಂತಿ,
ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಕಲಿಸುವ ಶಿಕ್ಷಕರು