ಹೆಸರಿಗಿಂತ ಮೊದಲು ನಳಿಗೆ ನೋಡು

ಮೈಸೂರು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಶಾಟ್‌ಗನ್ ಪರವಾನಗಿ ಕೈಸೇರಿದ್ದು ತಿಳಿದು ಸಂತೋಷವಾಯಿತು. ಬರ್ಮಿಂಗ್‌ಹ್ಯಾಮಿನಲ್ಲಿ ನೂರು ವರ್ಷ ದಾಟಿದ ಜೋಡುನಳಿಗೆ ಬಂದೂಕೊಂದನ್ನು ನೋಡಿಟ್ಟಿದ್ದೀಯ, ಅದನ್ನು ತೆಗೆದುಕೊಂಡು ಅರ್ಜೆಂಟೀನಾಕ್ಕೆ ಹಕ್ಕಿ ಶಿಕಾರಿಗೆ ಹೋಗುವ ಯೋಚನೆಯೂ ಇದೆ ಎಂದು ಬರೆದಿದ್ದೀಯ. ಮುಂಗಡ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬಂದೂಕನ್ನು ಅವಶ್ಯ ಕೊಂಡುಕೋ. ಅರ್ಜೆಂಟೀನಾ ಬೇಡ. ಎರಡಕ್ಕೂ ಕಾರಣ ಆ ಬಂದೂಕಿನಲ್ಲೇ ಇದೆ, ಬಿಡಿಸಿ ಹೇಳುತ್ತೇನೆ.

ಮಾರುವವನು ಮೊದಲು ತಯಾರಕರ ಹೆಸರು ಹೇಳುತ್ತಾನೆ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್, ಎಲ್ಲವೂ ದೊಡ್ಡ ಹೆಸರುಗಳೇ. ವೆಸ್ಟ್ಲಿ ರಿಚರ್ಡ್ಸ್‌ನಲ್ಲಿದ್ದ ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದ ಬಾಕ್ಸ್‌ಲಾಕ್, ಅಂದರೆ ಸಿಡಿಸುವ ಕೀಲುಗಳೆಲ್ಲ ಒಂದೇ ಪೆಟ್ಟಿಗೆಯೊಳಗೆ ಅಡಗಿದ ಬಂದೂಕು, ಜಗತ್ತಿನ ಅರ್ಧಕ್ಕೆ ಮಾದರಿಯಾಯಿತು. ಪರ್ಡಿಯವರು 1880ರ ಬೀಸ್ಲಿ ಪೇಟೆಂಟಿನ ಕೀಲುಗಳನ್ನು ಇಂದಿಗೂ ಬಿಟ್ಟಿಲ್ಲ. ಆದರೆ ತೋಟಾ ಸಿಡಿದಾಗ ಒತ್ತಡ ತಡೆಯುವುದು ನಳಿಗೆ. ಸವೆದ ನಳಿಗೆಯ ಪರ್ಡಿಯನ್ನೂ ಗಟ್ಟಿ ನಳಿಗೆಯ ಅನಾಮಿಕ ಬಾಕ್ಸ್‌ಲಾಕನ್ನೂ ಮುಂದಿಟ್ಟರೆ ನಾನು ಎರಡನೆಯದನ್ನೇ ಎತ್ತಿಕೊಳ್ಳುತ್ತೇನೆ.

ಬಂದೂಕು ಖಾಲಿಯಿದೆಯೇ ಎಂದು ನೀನೇ ಕಣ್ಣಾರೆ ನೋಡಿ, ಆಮೇಲೆ ನಳಿಗೆಗಳನ್ನು ಬಿಚ್ಚಿಸು. ಬುಡದ ಕೊಕ್ಕೆಯನ್ನು ಒಂದು ಬೆರಳಿಗೆ ತೂಗುಹಾಕಿಕೊಂಡು ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟು. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಭದ್ರವಾಗಿದ್ದರೆ ದೇವರ ಮನೆಯ ಗಂಟೆಯಂತೆ ನಾದ ಉಳಿಯುತ್ತದೆ. ಬೆಸುಗೆ ಬಿಟ್ಟಿದ್ದರೆ ಠಪ್ ಎಂದು ಅಲ್ಲೇ ನಿಲ್ಲುತ್ತದೆ. ಬಳಿಕ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡು. ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಎಲ್ಲಾದರೂ ಉಂಗುರ ಸೊಟ್ಟಗಾಗಿದ್ದರೆ ಅಲ್ಲಿ ನಳಿಗೆ ತಗ್ಗಾಗಿದೆ. ತುಕ್ಕು ತಿಂದ ಗುಳಿಗಳನ್ನು ಉಜ್ಜಿ ತೆಗೆದಷ್ಟೂ ಲೋಹ ತೆಳುವಾಗುತ್ತದೆ, ಆದ್ದರಿಂದ ಒಳಗಿನ ಮಿರುಗನ್ನು ಕಂಡು ಮರುಳಾಗಬೇಡ. ಅತಿ ತೆಳುವಾದ ಜಾಗದಲ್ಲೂ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬುದು ಬಲ್ಲವರ ರೂಢಿ. ಅಳೆಯುವ ಉಪಕರಣ ಅಲ್ಲಿನ ಬಂದೂಕು ರಿಪೇರಿಯವರಲ್ಲಿ ಇರುತ್ತದೆ, ಕೂಲಿ ಕೊಟ್ಟು ಅಳೆಸು.

ನಳಿಗೆಯ ಬುಡದ ಚಪ್ಪಟೆ ಭಾಗದಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ನಿಮ್ಮ ಊರಿನ ಪ್ರೂಫ್ ಹೌಸ್, ಅಂದರೆ ನಳಿಗೆ ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ, 1813ರ ಶಾಸನದಿಂದ ಹುಟ್ಟಿದ್ದು. ಹಿಂದಿನ ಕಾಲದ ಕಪ್ಪು ಮದ್ದಿಗಷ್ಟೇ ಪರೀಕ್ಷೆಯಾದ ನಳಿಗೆಗೆ ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾಕುವಂತಿಲ್ಲ. ಮುದ್ರೆ ಬಿದ್ದ ಮೇಲೆ ಒಳವ್ಯಾಸ ಮಿತಿ ಮೀರಿ ಹಿಗ್ಗಿದ್ದರೆ, ಮರುಪರೀಕ್ಷೆ ಮಾಡಿಸದೆ ಮಾರುವುದೇ ಆ ದೇಶದಲ್ಲಿ ಅಪರಾಧ.

ಇನ್ನೊಂದು ಸಂಗತಿ ಪ್ರಾಣಕ್ಕೆ ಸಂಬಂಧಿಸಿದ್ದು. ಆ ಕಾಲದ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ) ಬಂದೂಕುಗಳಲ್ಲಿ ತೋಟಾ ಕೂರುವ ಜಾಗ ಸಾಮಾನ್ಯವಾಗಿ 65 ಮಿ.ಮೀ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ತೋಟಾ 70 ಮಿ.ಮೀ. ಈ ಅಳತೆ ತೋಟಾ ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದು. ಬಾಯಿ ಮಡಿಸಿರುವಾಗ ಅದು ಹಳೆಯ ಬಂದೂಕಿನಲ್ಲೂ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚಿಕೊಳ್ಳುತ್ತದೆ. ಕುದುರೆ ಎಳೆದಾಗ ಬಿಚ್ಚಿದ ಬಾಯಿ ನಳಿಗೆ ಕಿರಿದಾಗುವ ಕಡೆ ತಗುಲಿ ಒತ್ತಡ ಏರುತ್ತದೆ. ತೋಟಾ ಪೆಟ್ಟಿಗೆಯ ಮೇಲಿನ ಅಕ್ಷರ ಓದದೆ ಒಂದನ್ನೂ ತುಂಬಬೇಡ.

ಇನ್ನು ಅರ್ಜೆಂಟೀನಾ. ಕೊರ್ಡೊಬಾ ಸೀಮೆಯಲ್ಲಿ ಬೆಳವಗಳು ಲಕ್ಷಗಟ್ಟಲೆ ಇವೆ, ಬೆಳೆಗೆ ಬೀಳುತ್ತವೆ. ಹೀಗಾಗಿ ಇಷ್ಟೇ ಹೊಡೆಯಬೇಕೆಂಬ ಮಿತಿ ಅಲ್ಲಿಲ್ಲ, ಒಂದೇ ದಿನ ಸಾವಿರ ತೋಟಾ ಹಾರಿಸುವವರಿದ್ದಾರೆ. ರೈತನ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಹಂದಿ ಕಾಟಕ್ಕೇ ಅಲ್ಲವೇ ಪಾಂಡವಪುರದಲ್ಲಿ ನಿನ್ನ ತಾತ ಬೆಳೆ ರಕ್ಷಣೆಗೆ ಬಂದೂಕಿನ ಪರವಾನಗಿ ಪಡೆದದ್ದು? ಆದರೂ ತೋಟಾಕ್ಕೆ ಸುಮಾರು 30 ಗ್ರಾಂ ಚರೆಗೆಂದು (ಒಳಗಿನ ಸಣ್ಣ ಗುಂಡುಗಳಿಗೆಂದು) ಅರದಿಂದ ಉಜ್ಜಿ ಕೈಯಾರೆ ಹೊಂದಿಸಿದ ಬಂದೂಕನ್ನು ಸಾವಿರ ತೋಟಾದ ಕಾವಿಗೆ ಒಡ್ಡಿದರೆ ಅದರ ಕೀಲುಗಳು ಸಡಿಲವಾಗುತ್ತವೆ. ನಿನ್ನ ಮನಸ್ಸೂ ಲೆಕ್ಕಕ್ಕೆ ಬೀಳುತ್ತದೆ. ನೀನೇ ಎತ್ತಿ, ಪುಕ್ಕ ತರಿದು, ಬೇಯಿಸಿ ತಿನ್ನುವಷ್ಟು ಹಕ್ಕಿ ಸಿಕ್ಕಿದ ಮೇಲೆ ಬಂದೂಕು ಮಡಿಸಬೇಕು. ಇದರಲ್ಲಿ ನಾನು ರಾಜಿಯಾಗುವವನಲ್ಲ.

ಅದರ ಬದಲು ಸ್ಕಾಟ್ಲೆಂಡಿಗೆ ಹೋಗು. ಗ್ರೌಸ್ ಹಕ್ಕಿಯ ಋತು ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ. ಹೆದರ್ ಗಿಡದ ಚಿಗುರು ತಿಂದು ಬದುಕುವ ಹಕ್ಕಿ ಅದು, ಫೆಸೆಂಟ್ ಹಕ್ಕಿಯಂತೆ ಗೂಡಿನಲ್ಲಿ ಸಾಕಿ ಬಿಟ್ಟದ್ದಲ್ಲ. ಮರಿಗಳು ಉಳಿಯದ ವರ್ಷ ಎಷ್ಟೋ ಕಡೆ ಶಿಕಾರಿಯನ್ನೇ ಕೈಬಿಡುತ್ತಾರೆ. ಪಾಯಿಂಟರ್ ನಾಯಿಯ ಹಿಂದೆ ಗುಡ್ಡ ಹತ್ತಿಳಿದು ನಡೆಯುವ ಶಿಕಾರಿಯನ್ನೇ ಆರಿಸಿಕೋ. ಕರೆದುಕೊಂಡು ಹೋಗುವವನನ್ನು ಬೆಲೆ ಕೇಳುವ ಮೊದಲು ಈ ವರ್ಷದ ಹಕ್ಕಿ ಎಣಿಕೆ ಹೇಗಿತ್ತು ಎಂದು ಕೇಳು. ಅವನು ತಡವರಿಸಿದರೆ ಬೇರೆಯವನನ್ನು ನೋಡು.

ಬಾತುಗಳ ಬೇಟೆಗೆ ಹೋದರೆ ಸೀಸದ ಚರೆ ಬೇಡ. ನೀರಿಗೆ ಬಿದ್ದ ಚರೆಯನ್ನು ಅವು ಕಲ್ಲುಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಇಂಗ್ಲೆಂಡಿನಲ್ಲಿ ಬಾತು, ಹೆಬ್ಬಾತುಗಳಿಗೆ 1999ರಿಂದಲೇ ಸೀಸ ನಿಷಿದ್ಧ. ಉಕ್ಕಿನ ಚರೆ ಗಡಸು, ಹಳೆಯ ತೆಳು ನಳಿಗೆಯನ್ನು ಕೆಡಿಸುತ್ತದೆ. ದುಬಾರಿಯಾದರೂ ಬಿಸ್ಮತ್ ಎಂಬ, ಉಕ್ಕಿಗಿಂತ ಮೆತ್ತನೆಯ ಲೋಹದ ಚರೆಯ ತೋಟಾ ತೆಗೆದುಕೋ. ನಂಜನಗೂಡಿನ ಬಳಿಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೀನೂ ನೋಡಿದ್ದೀಯ. ದಾರಿಯುದ್ದಕ್ಕೂ ಜನ ಕೈ ಬಿಗಿಹಿಡಿದಿದ್ದರಿಂದಲೇ ಅವು ಇಲ್ಲಿಯವರೆಗೆ ಬಂದಿಳಿಯುತ್ತವೆ.

ಕೊಂಡ ಬಂದೂಕನ್ನು ಊರಿಗೆ ತರುವ ಆಸೆ ಇಟ್ಟುಕೊಳ್ಳಬೇಡ. 2019ರ ತಿದ್ದುಪಡಿಯ ನಂತರ ಇಲ್ಲಿ ಒಬ್ಬರಿಗೆ ಎರಡೇ ಬಂದೂಕು, ಹೊರದೇಶದಿಂದ ತರುವುದಂತೂ ಬಹಳ ಕಠಿಣ. ಹೊಡೆದ ಹಕ್ಕಿಯ ಗರಿಯನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬೇಡ. ತಾತನ ಜೋಡುನಳಿಗೆ ನನ್ನ ಪರವಾನಗಿಯಲ್ಲಿ ಕ್ಷೇಮವಾಗಿದೆ. ಆಯುಧಪೂಜೆಗೆ ಕುಂಕುಮ, ಸೇವಂತಿಗೆ ಇಡುತ್ತೇನೆ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತೇನೆ. ನನ್ನ ನಂತರ ಅದು ನಿನ್ನ ತಂಗಿಗೆ. ಅವಳು ಈಗಾಗಲೇ ಅದನ್ನು ಬಿಚ್ಚಿ ಒರೆಸುವುದನ್ನು ಕಲಿತಿದ್ದಾಳೆ.

ನಿನ್ನದನ್ನು ಎಣ್ಣೆ ಹಚ್ಚಿದ ಮೇಲೆ ಬಾಯಿ ಕೆಳಗೆ ಮಾಡಿ ನಿಲ್ಲಿಸು, ಇಲ್ಲದಿದ್ದರೆ ಎಣ್ಣೆ ಹಿಡಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಮುದ್ರೆಗಳ ಫೋಟೊ ಮತ್ತು ನಳಿಗೆಯ ಅಳತೆಯ ಚೀಟಿ ಈ ವಾರವೇ ಕಳುಹಿಸು. ನಾನು ನೋಡಿ ಉತ್ತರ ಬರೆಯುವವರೆಗೆ ಹಣ ಕೊಡಬೇಡ.

ಇತಿ,
ನಿನ್ನ ದೊಡ್ಡಪ್ಪ