ಹಾಳೂರ ದಿಬ್ಬದ ಗುಂಡಿ ಮುಚ್ಚುವವರು ಯಾರು?

ಮಾನ್ಯ ಸಂಪಾದಕರೇ,

ಹಳೆ ಊರೊಂದು ಹೂತುಹೋಗಿರುವ ನಮ್ಮ ಹಾಳೂರ ದಿಬ್ಬದಲ್ಲಿ ನಿಧಿಯ ಆಸೆಗೆ ರಾತ್ರಿ ಗುಂಡಿ ತೋಡಿದವರ ಸುದ್ದಿಯನ್ನು ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಹಾಕಿದ್ದೀರಿ. ಹಾಕಿದ್ದು ಒಳ್ಳೆಯದೇ. ಆದರೆ ವಶಪಡಿಸಿಕೊಂಡ ಯಂತ್ರದ ಫೋಟೊ ಕೆಳಗೆ ‘20 ಅಡಿ ಆಳದ ಚಿನ್ನ, ಹಳೆ ನಾಣ್ಯ ತೋರಿಸುವ ಯಂತ್ರ’ ಎಂದು ಬರೆದಿರಲ್ಲ, ಬರೆಯುವ ಮುಂಚೆ ತಿಳಿದವರನ್ನು ಒಂದು ಮಾತು ಕೇಳಬಾರದಿತ್ತೇ? ಮಾರುವವನ ಸುಳ್ಳು ಪತ್ರಿಕೆಯಲ್ಲಿ ಅಚ್ಚಾದರೆ ಜನ ಅದನ್ನೇ ನಂಬುತ್ತಾರೆ. ಸುದ್ದಿ ಬಂದ ದಿನದಿಂದ ಹೋಟೆಲ್ ಕಟ್ಟೆಯ ಮೇಲೆ ಹುಡುಗರು ಆ ಯಂತ್ರದ ರೇಟು ಎಷ್ಟೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದಾರೆ.

ಫೋಟೊದಲ್ಲಿರುವುದು ಕೋಲಿನ ತುದಿಗೆ ತಟ್ಟೆಯಂಥ ಕಾಯಿಲ್ (ತಂತಿಯ ಸುರುಳಿ) ಇರುವ ಸಾಮಾನ್ಯ ಮೆಟಲ್ ಡಿಟೆಕ್ಟರ್. ಹತ್ತು ಇಂಚಿನ ಕಾಯಿಲ್ ಇದ್ದರೆ ಒಂಟಿ ನಾಣ್ಯವೊಂದನ್ನು ಆರರಿಂದ ಎಂಟು ಇಂಚು ಆಳದಲ್ಲಿ ಹಿಡಿದೀತು. ಬಹಮನಿ ಕಾಲದ ದಪ್ಪ ತಾಮ್ರದ ನಾಣ್ಯವಾದರೆ ಇನ್ನೆರಡು ಇಂಚು ಹೆಚ್ಚು. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿ ಎಬ್ಬಿಸಬೇಕು, ಆ ಸುಳಿಯ ಸಂಕೇತ ಮತ್ತೆ ಕಾಯಿಲ್‌ವರೆಗೆ ಬರಬೇಕು. ಕಾಯಿಲ್‌ನ ಅಗಲ ಮೀರಿದ ಮೇಲೆ ಆಳ ಇಮ್ಮಡಿಯಾದರೆ ಸಂಕೇತ ಸುಮಾರು ಅರವತ್ತನೇ ಒಂದು ಪಾಲಿಗೆ ಇಳಿಯುತ್ತದೆ. 20 ಅಡಿಯ ಮಾತು ಎಲ್ಲಿಂದ ಬಂತು? ಮೂರು ನಾಲ್ಕು ಅಡಿ ಆಳ ನೋಡುವ ಎರಡು ಪೆಟ್ಟಿಗೆಯ ಯಂತ್ರ ಬೇರೆ ಇದೆ, ಅದು ಬಿಂದಿಗೆಯಷ್ಟು ದೊಡ್ಡ ಲೋಹವನ್ನಷ್ಟೇ ಹಿಡಿಯುತ್ತದೆ, ಬಿಡಿ ನಾಣ್ಯ ಅದಕ್ಕೆ ಕಾಣುವುದೇ ಇಲ್ಲ. ಇನ್ನು ಕೈಯಲ್ಲಿ ಎರಡು ಕಡ್ಡಿ ಹಿಡಿದು, ಅವು ತಿರುಗಿದ ಕಡೆ ಚಿನ್ನ ಇದೆ ಎನ್ನುವವರ ಡಬ್ಬಿಯಲ್ಲಿ ಬ್ಯಾಟರಿ, ದೀಪ ಬಿಟ್ಟರೆ ಕೆಲಸಕ್ಕೆ ಬರುವುದು ಏನೂ ಇರುವುದಿಲ್ಲ. ಸಾಲ ಮಾಡಿ ಅದನ್ನು ಕೊಂಡವರಿದ್ದಾರೆ.

ನಮ್ಮ ಕಡೆಯ ಮಣ್ಣು ಈ ಯಂತ್ರಕ್ಕೆ ಇನ್ನೂ ಕಷ್ಟ. ಬೀದರ್ ಸುತ್ತಲಿನ ಜಂಬಿಟ್ಟಿಗೆ ಕಲ್ಲಿನಲ್ಲಿ ಕಬ್ಬಿಣದ ಅಂಶ ತುಂಬಿದೆ, ಅಲ್ಲಿ ಯಂತ್ರ ಬರೀ ನೆಲಕ್ಕೇ ಕೂಗುತ್ತದೆ. ಬಸಾಲ್ಟ್ ಎಂಬ ಕಪ್ಪು ಕಲ್ಲು ಸವೆದು ಪುಡಿಯಾಗಿ ಆದ ನಮ್ಮ ಯರೆ ಭೂಮಿಯಲ್ಲೂ ಅದೇ ಪಾಡು. ಲೋಹವಿಲ್ಲದ ಜಾಗದಲ್ಲಿ ಕಾಯಿಲ್ಲನ್ನು ಮೇಲೆ ಕೆಳಗೆ ಆಡಿಸಿ, ಸದ್ದು ಅಡಗುವವರೆಗೆ ಯಂತ್ರವನ್ನು ನೆಲಕ್ಕೆ ಹೊಂದಿಸಬೇಕು. ಮಣ್ಣು ಬದಲಾದ ಕಡೆಯೆಲ್ಲ ಮತ್ತೆ ಹೊಂದಿಸಬೇಕು. ಇದನ್ನು ಮಾಡದವರಿಗೆ ಹೆಜ್ಜೆಗೊಂದು ನಿಧಿ ಕೇಳಿಸುತ್ತದೆ. ನಾಣ್ಯವಾದರೆ ಉದ್ದಕ್ಕೆ ಬೀಸಿದರೂ ಅಡ್ಡಕ್ಕೆ ಬೀಸಿದರೂ ಒಂದೇ ಸ್ವರ ಬರುತ್ತದೆ. ಮೊಳೆಯಾದರೆ ಒಂದು ದಿಕ್ಕಿನಲ್ಲಿ ಸ್ವರ ಒಡೆಯುತ್ತದೆ. ತುಕ್ಕು ಹಿಡಿದ ಚಪ್ಪಟೆ ಕಬ್ಬಿಣ ಮಾತ್ರ ನಾಣ್ಯದಂತೆಯೇ ಮೇಲುಸ್ವರ ಕೊಟ್ಟು ಮೋಸ ಮಾಡುತ್ತದೆ. ನಮ್ಮ ದಿಬ್ಬದ ಗುಂಡಿಗಳ ಬಾಯಲ್ಲಿ ಬಿದ್ದಿರುವುದು ಏನು, ನಿಮ್ಮ ವರದಿಗಾರರು ಬಗ್ಗಿ ನೋಡಿದರೇ? ಎತ್ತಿನ ಲಾಳ, ತಗಡಿನ ಚೂರು, ಸೋಡಾ ಬಾಟಲಿ ಮುಚ್ಚಳ. ಅದರ ಜೊತೆಗೆ ಕಪ್ಪು-ಕೆಂಪು ಮಡಕೆಯ ಚೂರುಗಳು, ಶಂಖದ ಬಳೆಯ ತುಂಡುಗಳು. ಲಾಳದ ಆಸೆಗೆ ಎರಡು ಸಾವಿರ ವರ್ಷದ ಊರನ್ನು ಅಗೆದು ಹಾಕಿದ್ದಾರೆ.

ಆ ಗುಂಡಿಗಳಿಂದ ಈಗ ನಾವು ಪಡುತ್ತಿರುವ ಪಾಡು ಕೇಳಿ. ಹೊಲಕ್ಕೆ ಹೋಗುವ ಬಂಡಿದಾರಿ ದಿಬ್ಬದ ಬಗಲಲ್ಲೇ ಇದೆ. ತ್ರೀ ಫೇಸ್ ಕರೆಂಟ್ ಕೊಡುವುದು ರಾತ್ರಿ, ಮೋಟಾರ್ ಚಾಲೂ ಮಾಡಲು ಬ್ಯಾಟರಿ ಹಿಡಿದು ಹೋಗುವವರು ಎದೆಯುದ್ದದ ಗುಂಡಿ ದಾಟಬೇಕು. ಕರು ಬಿದ್ದು ಕಾಲು ಮುರಿದುಕೊಂಡಿದೆ. ನೀರಿನ ಪೈಪು ಸಲಿಕೆಗೆ ಸಿಕ್ಕಿ ತುಂಡಾಗಿದೆ, ಜೋಡಿಸೋಣವೆಂದರೆ ಪಂಚನಾಮೆ ಆಗುವವರೆಗೆ ಮುಟ್ಟಬೇಡಿ ಎಂದು ತಾಕೀತು. ಪಂಚನಾಮೆಗೆ ಬರಬೇಕಾದವರು ಬಂದಿಲ್ಲ. ಅತ್ತ ಊರ ಹುಡುಗರನ್ನು ಮಾತ್ರ ಒಬ್ಬೊಬ್ಬರನ್ನಾಗಿ ಠಾಣೆಗೆ ಕರೆಸಿ ಕೂರಿಸುತ್ತಿದ್ದಾರೆ.

ಈ ದಿಬ್ಬದ ಹದ್ದುಬಸ್ತಿಗೆ, ಒಂದು ಬೋರ್ಡಿಗೆ ಅರ್ಜಿ ಕೊಟ್ಟು ಎಷ್ಟು ಕಾಲವಾಯಿತು? ಸರ್ವೆಯವರು ಇದು ಗಾಯರಾಣ (ದನ ಮೇಯುವ ಸರ್ಕಾರಿ ಜಾಗ), ಕಂದಾಯದವರನ್ನು ಕೇಳಿ ಎನ್ನುತ್ತಾರೆ. ಕಂದಾಯದವರು ಪುರಾತನ ಜಾಗ, ಆ ಇಲಾಖೆಯನ್ನು ಕೇಳಿ ಎನ್ನುತ್ತಾರೆ. ಆ ಇಲಾಖೆಯವರು ನಮ್ಮ ಪಟ್ಟಿಯಲ್ಲಿಲ್ಲ ಎನ್ನುತ್ತಾರೆ. ಕೇಂದ್ರದ ಪಟ್ಟಿಯಲ್ಲಿದ್ದ ಸ್ಮಾರಕದ ಸುತ್ತ ಕಟ್ಟಡ, ಗಣಿ ಕೆಲಸಕ್ಕೆ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಎಂದು ಕೇಂದ್ರದ ಕಾಯ್ದೆ ಹೇಳುತ್ತದೆ. ಪಟ್ಟಿಯಲ್ಲಿಲ್ಲದ ದಿಬ್ಬವನ್ನು ಯಾರು ಬೇಕಾದರೂ ಬಗೆಯಬಹುದೇ? ರಸ್ತೆ ಕಾಮಗಾರಿಗೆಂದು ಇದೇ ದಿಬ್ಬದ ಬಿಳಿ ಮಣ್ಣನ್ನು ಹಗಲಲ್ಲೇ ಜೆಸಿಬಿ ಹಚ್ಚಿ ಟಿಪ್ಪರ್‌ಗಟ್ಟಲೆ ಹೊತ್ತರಲ್ಲ, ಅವತ್ತು ಯಾವ ಫೋಟೊವೂ ಬರಲಿಲ್ಲ, ಯಾರನ್ನೂ ಠಾಣೆಗೆ ಕರೆಯಲಿಲ್ಲ. ಆ ಬಿಲ್ಲಿಗೆ ಸಹಿ ಹಾಕಿದವರು ಇಂದು ನಮಗೆ ಪರಂಪರೆಯ ಪಾಠ ಹೇಳುತ್ತಾರೆ. ಆ ರಸ್ತೆಯೂ ಒಂದು ಮಳೆಗೆ ಕಿತ್ತುಹೋಯಿತು.

ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಬ್ರಿಟಿಷರ 1878ರ ಕಾಯ್ದೆಯಿಂದ ಹಿಡಿದು ನಮ್ಮ ರಾಜ್ಯದ 1962ರ ಕಾಯ್ದೆವರೆಗೆ ಬರೆದಿಟ್ಟಿದ್ದಾರೆ. ಸರಿ, ತಿಳಿಸುವುದು ಯಾರಿಗೆ? ಮೊದಲ ಮಳೆಗೆ ಮಣ್ಣು ತೊಳೆದು ಒಂದು ನಾಣ್ಯ ಮೇಲೆ ಬಂತು, ರೈತ ಅದನ್ನು ಪ್ರಾಮಾಣಿಕವಾಗಿ ತಂದುಕೊಟ್ಟ ಎನ್ನಿ. ಎಲ್ಲಿ ಸಿಕ್ಕಿತು, ಉಳಿದದ್ದು ಎಲ್ಲಿಟ್ಟೆ ಎಂದು ಸಂಜೆವರೆಗೆ ಕಳ್ಳನ ಹಾಗೆ ವಿಚಾರಣೆ, ರಸೀದಿ ಕೊಡುವುದಿಲ್ಲ. ಮುಂದಿನ ಸಲ ಆತ ಗುಜರಿಯವನಿಗೇ ಕೊಡುತ್ತಾನೆ, ಗುಜರಿಯವನು ತಾಮ್ರದ ತೂಕಕ್ಕೆ ಕರಗಿಸುತ್ತಾನೆ. ಇಲ್ಲವೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಾರೆ. ಬಹಮನಿ ನಾಣ್ಯದ ಅರಬ್ಬಿ ಅಕ್ಷರ ಉಳಿದಿರುವುದು ಮೇಲಿನ ಆ ಹಸಿರು ಪದರದಲ್ಲೇ. ಹುಳಿಗೆ ಪದರವೂ ಹೋಯಿತು, ಸುಲ್ತಾನನ ಹೆಸರೂ ಹೋಯಿತು. ಶಾತವಾಹನರ ಸೀಸದ ನಾಣ್ಯ ಇನ್ನೂ ನಾಜೂಕು. ಮರದ ಪೆಟ್ಟಿಗೆಯಲ್ಲಿಟ್ಟರೆ ಮರದಿಂದ ಹೊರಡುವ ಆಮ್ಲದ ಆವಿಗೆ ಬೆಳ್ಳಗೆ ಪುಡಿಯಾಗುತ್ತದೆ. ಸಿಕ್ಕ ನಾಣ್ಯದ ಸಡಿಲ ಮಣ್ಣನ್ನು ಮೆತ್ತನೆಯ ಒಣ ಕುಂಚದಿಂದ ಝಾಡಿಸಿ, ನೆರಳಲ್ಲಿ ಒಣಗಿಸಿ, ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ಯಾವ ಹೊಲ, ಎಷ್ಟು ಆಳ, ಜೊತೆಗೆ ಏನಿತ್ತು ಎಂದು ಬರೆದಿಡಬೇಕು. ಅಷ್ಟೇ ಸಾಕು. ಇದನ್ನು ಹಳ್ಳಿಗಳಲ್ಲಿ ಒಬ್ಬ ಅಧಿಕಾರಿಯೂ ಹೇಳಿಕೊಟ್ಟಿಲ್ಲ.

ನಾಣ್ಯಕ್ಕಿಂತ ಅದು ಕೂತ ಜಾಗ ದೊಡ್ಡದು. ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ಇತ್ತೆಂದು ಗೊತ್ತಾದರೆ ಆ ಪದರದ ಕಾಲ ಗೊತ್ತಾಗುತ್ತದೆ. ಕೊಡದಲ್ಲಿ ಹೂತ ನಾಣ್ಯಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದಾದ ಮೇಲೆಯೇ ಕೊಡ ಹೂತದ್ದು. ಕೊಡ ಒಡೆದು ನಾಲ್ವರು ಹಂಚಿಕೊಂಡರೆ ಆ ಲೆಕ್ಕ ಮುಗಿಯಿತು. ನಮ್ಮ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಬಿದ್ದ ಮೇಲೆ ದೇವಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯಲ್ಲಿ ಕ್ರಮವಾಗಿ ಅಗೆದದ್ದರಿಂದ ಸ್ತೂಪ, ‘ರಾಯೋ ಅಶೋಕೊ’ (ರಾಜ ಅಶೋಕ) ಎಂದು ಬರೆದ ಶಿಲ್ಪ ನಮಗೆ ಸಿಕ್ಕವು. ಅಲ್ಲಿ ಮೊದಲೇ ಸಲಿಕೆ, ಕಡ್ಡಿ ಹಿಡಿದವರು ನುಗ್ಗಿದ್ದರೆ ಏನು ಉಳಿಯುತ್ತಿತ್ತು?

ಆದ್ದರಿಂದ ಮೊದಲು ಆ 20 ಅಡಿಯ ಮಾತಿಗೆ ತಿದ್ದುಪಡಿ ಹಾಕಿ. ಗುಂಡಿಗಳನ್ನು ಕೂಡಲೇ ಮುಚ್ಚಿಸಬೇಕು. ಮುಚ್ಚುವ ಮುಂಚೆ ಬಲ್ಲವರು ಬಂದು ಗುಂಡಿಯ ಗೋಡೆಯ ಪದರಗಳ ಫೋಟೊ ಅಳತೆಕೋಲು ಇಟ್ಟು ತೆಗೆಯಬೇಕು, ಚೂರುಗಳನ್ನು ಆರಿಸಬೇಕು, ಅಲ್ಲಿವರೆಗೆ ಯಾರೂ ಮುಟ್ಟಬಾರದು. ಅವರು ಬರುವುದಿಲ್ಲವಾದರೆ ನಾವೇ ಮುಚ್ಚುತ್ತೇವೆ, ಕೇಸು ಹಾಕುವವರು ಹಾಕಲಿ. ಬೇಲಿಯೋ ಬೋರ್ಡೋ ಕಾವಲುಗಾರನೋ, ಏನಾದರೊಂದು ಆಗಬೇಕು. ಮಳೆ ಬಂದರೆ ಗುಂಡಿ ತುಂಬುತ್ತದೆ, ಶಾಲೆ ಮಕ್ಕಳು ಅದೇ ದಾರಿಯಲ್ಲಿ ಓಡಾಡುತ್ತಾರೆ. ಜೀಪು ದಾರಿಯಲ್ಲೇ ನಿಲ್ಲಿಸಿ, ಕಿಟಕಿಯಿಂದ ದಿಬ್ಬ ನೋಡಿ ವಾಪಸು ಹೋದ ಅಧಿಕಾರಿಗಳಿಗೆ ನಾಚಿಕೆಯಾಗಬೇಕು.

— ಹಳೆ ನಾಣ್ಯಗಳ ಅಭ್ಯಾಸಿ, ಭೀಮಾ ದಂಡೆ, ಕಲಬುರಗಿ ಜಿಲ್ಲೆ